ಔಷಧ ಚೀಟಿಯ ಕೊನೆಯ ಸಾಲು: ನಾಡಿನ ವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯರೇ,



ನೀವು ಬರೆದುಕೊಡುವ ಔಷಧ ಚೀಟಿಯ ಕೊನೆಯ ಸಾಲಿನ ಬಗ್ಗೆ ನಿಮ್ಮಲ್ಲಿ ಮಾತಾಡಬೇಕಿದೆ. ಮೇಲಿನ ಸಾಲುಗಳಲ್ಲಿ ಜ್ವರದ ಮಾತ್ರೆ, ಕೆಮ್ಮಿನ ಸಿರಪ್, ಆ್ಯಂಟಿಬಯಾಟಿಕ್ ಇರುತ್ತವೆ. ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಬಿಟ್ಟರೆ ಏನಾಗುತ್ತದೆ ಎಂದು ರೋಗಿಯ ಕಡೆಯವರು ಅವುಗಳ ಬಗ್ಗೆ ಕೇಳುತ್ತಾರೆ. ನೀವೂ ಬಿಡಿಸಿ ಹೇಳುತ್ತೀರಿ. ಕೊನೆಯ ಸಾಲಿನ ಪ್ರೋಬಯಾಟಿಕ್ ಬಗ್ಗೆ ಮಾತ್ರ ಅವರೂ ಕೇಳುವುದಿಲ್ಲ, ನೀವೂ ಹೇಳುವುದಿಲ್ಲ. "ಹೊಟ್ಟೆಗೆ ಒಳ್ಳೆಯದು" ಎಂಬಷ್ಟಕ್ಕೆ ಮಾತು ಮುಗಿಯುತ್ತದೆ. ಔಷಧದಂಗಡಿಯಲ್ಲಿ ಆ ಹೆಸರಿನದು ಸಿಗದಿದ್ದರೆ ಇನ್ನೊಂದು ಕಂಪನಿಯದನ್ನು ಕೊಡುತ್ತಾರೆ. ಎರಡರೊಳಗಿರುವ ಜೀವಿ ಒಂದೇ ಹೌದೋ ಅಲ್ಲವೋ ಎಂದು ಯಾರೂ ನೋಡುವುದಿಲ್ಲ.

ಆ ಸಾಲಿನಲ್ಲಿ ನೀವು ಬರೆಯುತ್ತಿರುವುದು ಕೋಟಿಗಟ್ಟಲೆ ಜೀವಂತ ಬ್ಯಾಕ್ಟೀರಿಯಾ ಅಥವಾ ಯೀಸ್ಟ್. ಅವು ಕರುಳಿಗಿಳಿದು ಅಲ್ಲಿರುವ ಸೂಕ್ಷ್ಮಜೀವಿಗಳ ಜೊತೆ ಜಾಗಕ್ಕಾಗಿ ಸೆಣಸುತ್ತವೆ, ರೋಗನಿರೋಧಕ ಕಣಗಳನ್ನು ಮುಟ್ಟುತ್ತವೆ, ಕೆಲವೊಮ್ಮೆ ಕರುಳಿನ ಗೋಡೆ ದಾಟಿ ರಕ್ತಕ್ಕೂ ಇಳಿಯುತ್ತವೆ. ಹೀಗಿರುವಾಗ ಬೇರೆ ಯಾವುದೇ ಔಷಧಕ್ಕೆ ಕೇಳುವ ನಾಲ್ಕು ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು: ಯಾವ ತಳಿ, ಎಷ್ಟು ಪ್ರಮಾಣ, ಯಾವ ಕಾಯಿಲೆಗೆ, ಎಷ್ಟು ದಿನ? ಕಳೆದ ಎರಡು ದಶಕಗಳ ಸಂಶೋಧನೆ ಈ ನಾಲ್ಕು ಪ್ರಶ್ನೆಗಳಿಗೆ ಸಾಕಷ್ಟು ಉತ್ತರ ಕೊಟ್ಟಿದೆ. ಆ ಉತ್ತರಗಳು ನಮ್ಮ ಊರುಗಳ ಕ್ಲಿನಿಕ್‌ಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ನಾನು ವೈದ್ಯನಲ್ಲ, ವಿಜ್ಞಾನದ ಬೆಳವಣಿಗೆಗಳನ್ನು ಓದಿ ಕನ್ನಡದಲ್ಲಿ ಬರೆಯುವವನು. ಓದಿದ್ದನ್ನು ನಿಮ್ಮ ಮುಂದಿಡುವುದು ನನ್ನ ಕರ್ತವ್ಯ ಎಂದು ನಂಬಿ ಬರೆಯುತ್ತಿದ್ದೇನೆ.

ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಅರ್ಜೆಂಟೀನಾದ ಕಾರ್ಡೊಬಾ ನಗರದಲ್ಲಿ ಸೇರಿ ಪ್ರೋಬಯಾಟಿಕ್ ಎಂದರೇನು ಎಂದು ಗೊತ್ತುಪಡಿಸಿದರು. ಅವರ ಪ್ರಕಾರ ಅದು ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ತೆಗೆದುಕೊಂಡವರ ಆರೋಗ್ಯಕ್ಕೆ ಪ್ರಯೋಜನವಾಗಬೇಕು. ಈ ಮೂರೂ ಷರತ್ತುಗಳೇ. ಬಿಸಿಲಿಗೆ ಕಾದ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತು ಸತ್ತುಹೋಗಿದ್ದರೆ ಮೊದಲ ಷರತ್ತು ಬಿದ್ದುಹೋಯಿತು. ಪ್ರಯೋಜನ ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಸಾಬೀತಾಗದಿದ್ದರೆ ಕೊನೆಯದು ಬಿತ್ತು.

ಈ ಪ್ರಯೋಜನ ಇಡೀ ಜಾತಿಗೆ ಸೇರಿದ್ದೂ ಅಲ್ಲ, ನಿರ್ದಿಷ್ಟ ತಳಿಗೆ ಸೇರಿದ್ದು. ಈಶ್ಚರಿಷಿಯಾ ಕೋಲಿ, ಅಂದರೆ ನಾವು ಇ. ಕೋಲಿ ಎನ್ನುವ ಬ್ಯಾಕ್ಟೀರಿಯಾವನ್ನೇ ನೋಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲ್, ಸುತ್ತಲಿನವರೆಲ್ಲ ಭೇದಿಯಿಂದ ನರಳುತ್ತಿದ್ದಾಗ ಏನೂ ಆಗದೆ ಉಳಿದ ಒಬ್ಬ ಸೈನಿಕನ ಮಲದಿಂದ ಇದರ ಒಂದು ತಳಿಯನ್ನು ಬೇರ್ಪಡಿಸಿದರು. 'ನಿಸ್ಲ್ 1917' ಎಂಬ ಆ ತಳಿ ಇಂದಿಗೂ ಔಷಧವಾಗಿ ಬಳಕೆಯಲ್ಲಿದೆ. ಅದೇ ಇ. ಕೋಲಿಯ ಇನ್ನೊಂದು ತಳಿ ಒ157:ಎಚ್7 ರಕ್ತಭೇದಿ ತಂದು ಮಕ್ಕಳ ಮೂತ್ರಪಿಂಡ ಕೆಡಿಸುತ್ತದೆ. ಜಾತಿ ಒಂದೇ ಆದರೂ ಒಂದು ತಳಿ ಮದ್ದು, ಇನ್ನೊಂದು ಮೃತ್ಯು. ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ಬಿತ್ತನೆ ಬೀಜ ತರಲು ಹೋದವರು 'ಭತ್ತ ಕೊಡಿ' ಎನ್ನುವುದಿಲ್ಲ, ಜಯಾನೋ, ಐ.ಆರ್. 64 ಓ, ಸೋನಾ ಮಸೂರಿಯೋ ಎಂದು ತಳಿ ಹೇಳಿಯೇ ಕೇಳುತ್ತಾರೆ. ಗದ್ದೆಗೆ ತೋರುವ ಈ ಎಚ್ಚರ ಮಗುವಿನ ಕರುಳಿಗೂ ಸಲ್ಲಬೇಕು.

ಪ್ರೋಬಯಾಟಿಕ್ ವಿದ್ಯೆಯ ಮೂಲದಲ್ಲಿ ದೊಡ್ಡ ಮನಸ್ಸುಗಳಿವೆ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಎಲಿ ಮೆಚ್ನಿಕಾಫ್, ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಹುಳಿ ಹಾಲು ಕಾರಣ ಎಂದು ವಾದಿಸಿದರು. ಅವರಿಗೆ 1908ರಲ್ಲಿ ನೊಬೆಲ್ ಬಂದದ್ದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ. ಹುಳಿ ಹಾಲಿನ ವಾದ ಊಹೆಯಾಗಿಯೇ ಉಳಿಯಿತು. ಫ್ರಾನ್ಸಿನ ಆನ್ರಿ ಬೌಲಾರ್ 1920ರ ದಶಕದಲ್ಲಿ ಇಂಡೋಚೈನಾಕ್ಕೆ ಹೋದಾಗ, ಕಾಲರಾ ಬಂದ ಊರಿನ ಜನ ಲೀಚಿ ಮತ್ತು ಮ್ಯಾಂಗೊಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿಯುವುದನ್ನು ಕಂಡು ಅದರಿಂದ ಒಂದು ಯೀಸ್ಟ್ ಬೇರ್ಪಡಿಸಿದರು. ಅದೇ ಇಂದಿನ ಸ್ಯಾಕರೊಮೈಸಿಸ್ ಬೌಲಾರ್ಡಿ. ಜಪಾನಿನ ಕ್ಯೋಟೋದಲ್ಲಿ ಮಿನೋರು ಶಿರೋಟಾ 1930ರಲ್ಲಿ ತಮ್ಮ ಹೆಸರಿನ ತಳಿಯನ್ನು ಬೆಳೆಸಿದರು. ಇವರೆಲ್ಲ ಕಣ್ಣಾರೆ ಕಂಡದ್ದರಿಂದ ಹೊರಟವರು. ಆದರೆ ಕಂಡದ್ದು ನಿಜವೇ ಎಂದು ಸಾವಿರಾರು ರೋಗಿಗಳಲ್ಲಿ, ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಔಷಧ ಕೊಟ್ಟು ನೋಡುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದದ್ದು ತೀರ ಈಚೆಗೆ. ಅಷ್ಟರೊಳಗೆ ಮಾರುಕಟ್ಟೆ ಬೆಳೆದಾಗಿತ್ತು.

ಮಕ್ಕಳ ಭೇದಿಯಿಂದ ಶುರುಮಾಡೋಣ. ನಿಮ್ಮಲ್ಲಿ ಬಹುಪಾಲು ಜನ ಈ ಕೊನೆಯ ಸಾಲನ್ನು ಬರೆಯುವುದು ಅಲ್ಲಿಯೇ. 2018ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎರಡು ದೊಡ್ಡ ಪ್ರಯೋಗಗಳನ್ನು ಒಟ್ಟಿಗೇ ಪ್ರಕಟಿಸಿತು. ಮೊದಲನೆಯದರಲ್ಲಿ ಅಮೆರಿಕದ 10 ತುರ್ತು ಚಿಕಿತ್ಸಾ ಕೇಂದ್ರಗಳಿಗೆ ವಾಂತಿಭೇದಿಯಿಂದ ಬಂದ 971 ಮಕ್ಕಳಿಗೆ 5 ದಿನ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ಅಥವಾ ಹುಸಿ ಔಷಧ ಕೊಟ್ಟರು. ಕಾಯಿಲೆ ಮಧ್ಯಮದಿಂದ ತೀವ್ರ ಮಟ್ಟದಲ್ಲಿ ಮುಂದುವರಿದದ್ದು ಔಷಧದ ಗುಂಪಿನಲ್ಲಿ ಶೇ 11.8 ಮಕ್ಕಳಲ್ಲಿ, ಇನ್ನೊಂದರಲ್ಲಿ ಶೇ 12.6 ಮಕ್ಕಳಲ್ಲಿ. ಕೆನಡಾದ 886 ಮಕ್ಕಳಲ್ಲಿ ಬೇರೆ ಎರಡು ತಳಿಗಳ ಮಿಶ್ರಣವನ್ನು ನೋಡಿದರು. ಅಲ್ಲಿ ಶೇ 26.1 ಮತ್ತು ಶೇ 24.7. ಎರಡೂ ಕಡೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. 2020ರ ಕೊನೆಗೆ ಬಂದ ಕೊಕ್ರೇನ್ ವಿಮರ್ಶೆ 82 ಅಧ್ಯಯನಗಳನ್ನೂ 12,127 ರೋಗಿಗಳನ್ನೂ ಒಟ್ಟಿಗಿಟ್ಟು ತೂಗಿತು. ಎರಡು ದಿನ ದಾಟುವ ಭೇದಿಯನ್ನು ತಡೆಯುವುದರಲ್ಲಿ ಪ್ರೋಬಯಾಟಿಕ್‌ಗಳಿಂದ ಬಹುಶಃ ವ್ಯತ್ಯಾಸ ಇಲ್ಲ ಅಥವಾ ಅತ್ಯಲ್ಪ ಎಂಬುದು ಅದರ ತೀರ್ಮಾನ. ಅಮೆರಿಕದ ಜಠರ-ಕರುಳು ತಜ್ಞರ ಸಂಘವೂ ಅದೇ ವರ್ಷ ತನ್ನ ಕಡೆಯ ಮಕ್ಕಳ ಸೋಂಕಿನ ಭೇದಿಗೆ ಇವನ್ನು ಕೊಡಬಾರದೆಂದು ಸಲಹೆ ಮಾಡಿತು.

ಅದು ಅಮೆರಿಕ, ನಮ್ಮ ಮಕ್ಕಳ ಕರುಳೇ ಬೇರೆ ಎಂದು ನೀವು ಹೇಳಬಹುದು. ನ್ಯಾಯವಾದ ಮಾತು. ನಮ್ಮಲ್ಲೂ ದೊಡ್ಡ ಅಧ್ಯಯನವಾಗಿದೆ. ಕೋಲ್ಕತ್ತದ ಕೊಳೆಗೇರಿಗಳಲ್ಲಿ 1ರಿಂದ 5 ವರ್ಷದ 3,758 ಮಕ್ಕಳಿಗೆ 12 ವಾರ ಶಿರೋಟಾ ತಳಿಯ ಪಾನೀಯ ಅಥವಾ ಪೋಷಕಾಂಶದ ಪಾನೀಯ ಕೊಟ್ಟು, ಮತ್ತೆ 12 ವಾರ ಗಮನಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಭೇದಿಯ ಪ್ರಕರಣಗಳು ಶೇ 14ರಷ್ಟು ಕಡಿಮೆಯಾದವು. ಇದು ಒಂದು ತಳಿಯನ್ನು ದಿನವೂ ಕೊಟ್ಟು ಭೇದಿ ಬಾರದಂತೆ ನೋಡಿಕೊಳ್ಳುವ ಪ್ರಯೋಗ. ಭೇದಿ ಶುರುವಾದ ಮೇಲೆ ಬೇರೊಂದು ತಳಿಯನ್ನು ನಾಲ್ಕು ದಿನ ಕೊಡುವುದಕ್ಕೆ ಇದನ್ನು ಆಧಾರ ಮಾಡಿಕೊಳ್ಳಲಾಗದು.

ನನ್ನ ಕಳವಳ ಬರೀ ದುಡ್ಡು ದಂಡವಾಗುತ್ತದೆ ಎಂಬುದಲ್ಲ. ಕೊನೆಯ ಸಾಲು ಬಂದು ಕೂತಾಗ ಮೊದಲ ಸಾಲಿನಲ್ಲಿ ಇರಬೇಕಾದದ್ದು ಬಿಟ್ಟುಹೋಗುತ್ತಿದೆ. ಭೇದಿಯ ಮಗುವನ್ನು ಕೊಲ್ಲುವುದು ದೇಹದಿಂದ ನೀರು, ಲವಣ ಸೋರಿಹೋಗುವುದು. ಅದಕ್ಕೆ ಮದ್ದು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ಸಕ್ಕರೆ-ಉಪ್ಪಿನ ದ್ರಾವಣವನ್ನು ಡ್ರಮ್‌ಗಳಲ್ಲಿ ತುಂಬಿಸಿ ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು. ಜಗತ್ತಿಗೆ ಈ ಪಾಠ ಸಿಕ್ಕಿದ್ದು ನಮ್ಮ ನೆಲದಲ್ಲಿ. ಜೊತೆಗೆ 10ರಿಂದ 14 ದಿನ ಜಿಂಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿವೆ. ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ 60.6 ಮಕ್ಕಳಿಗೆ, ಜಿಂಕ್ ಸಿಕ್ಕಿದ್ದು ಶೇ 30.5 ಮಕ್ಕಳಿಗೆ.

ಹೀಗೇಕೆ ಎಂದು ತಿಳಿಯಲು ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಒಂದು ಅಧ್ಯಯನ ನಡೆಯಿತು. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದರ ವರದಿ ಬಂತು. ತರಬೇತಿ ಪಡೆದವರು ಎರಡು ವರ್ಷದ ಮಗುವಿನ ತಂದೆಯಂತೆ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿ ಹೋಗಿ, ಮಗುವಿಗೆ ಭೇದಿಯಾಗಿದೆ ಎಂದರು. ಓಆರ್‌ಎಸ್ ಬರೆಯದಿರುವುದಕ್ಕೆ ದೊಡ್ಡ ಕಾರಣ ಔಷಧದ ಲಾಭವೂ ಅಲ್ಲ, ಅಂಗಡಿಯಲ್ಲಿ ಪೊಟ್ಟಣ ಇಲ್ಲದಿರುವುದೂ ಅಲ್ಲ ಎಂದು ಗೊತ್ತಾಯಿತು. 'ತಂದೆತಾಯಿಗೆ ಓಆರ್‌ಎಸ್ ಬೇಕಿಲ್ಲ, ಅವರು ಬೇರೇನೋ ಔಷಧ ನಿರೀಕ್ಷಿಸುತ್ತಾರೆ' ಎಂಬ ಚಿಕಿತ್ಸಕರ ತಪ್ಪು ಎಣಿಕೆಯೇ ಈ ಕೊರತೆಯ ಶೇ 42 ಭಾಗಕ್ಕೆ ಕಾರಣವಾಗಿತ್ತು. ಬಂದವರು ಓಆರ್‌ಎಸ್ ಬೇಕೆಂದು ತಾವಾಗಿ ಸೂಚಿಸಿದಾಗ ಅದನ್ನು ಕೊಡುವ ಪ್ರಮಾಣ ಶೇ 28ರಿಂದ ಶೇ 55ಕ್ಕೆ ಏರಿತು. ಮಾನ್ಯರೇ, ಪ್ರೋಬಯಾಟಿಕ್ ಬರೆಯುವಾಗಲೂ ಇದೇ ಎಣಿಕೆ ಕೆಲಸ ಮಾಡುತ್ತಿರಬಹುದು. ಏನಾದರೂ ಬರೆಯಲೇಬೇಕು, ಇದರಿಂದ ಕೆಡುಕಂತೂ ಇಲ್ಲ ಎಂಬ ಭಾವನೆ. ಜನ ನಿಮ್ಮಿಂದ ಬಯಸುವುದು ಮಗು ಗುಣವಾಗುವುದನ್ನು. ದಯವಿಟ್ಟು ಅವರನ್ನು ನಂಬಿ.

ಇನ್ನು ಆ್ಯಂಟಿಬಯಾಟಿಕ್ ಜೊತೆಗೆ ಕೊಡುವ ರೂಢಿ. ಇಲ್ಲಿ ಪುರಾವೆ ಹೆಚ್ಚು ಗಟ್ಟಿ ಎಂದು ಸಂತೋಷದಿಂದಲೇ ಹೇಳುತ್ತೇನೆ. ಮಕ್ಕಳ ಕುರಿತ 33 ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕೊಕ್ರೇನ್ ವಿಮರ್ಶೆಯಲ್ಲಿ, ಆ್ಯಂಟಿಬಯಾಟಿಕ್‌ನಿಂದ ಭೇದಿಯಾದದ್ದು ಪ್ರೋಬಯಾಟಿಕ್ ಪಡೆದ ಶೇ 8 ಮಕ್ಕಳಲ್ಲಿ, ಪಡೆಯದ ಶೇ 19 ಮಕ್ಕಳಲ್ಲಿ. ಹೆಚ್ಚು ಭರವಸೆ ಮೂಡಿಸಿದವು ಎರಡು: ರ‍್ಯಾಮ್ನೋಸಸ್ ಜಿಜಿ ಮತ್ತು ಸ್ಯಾಕರೊಮೈಸಿಸ್ ಬೌಲಾರ್ಡಿ. ದಿನಕ್ಕೆ 500 ಕೋಟಿ ಅಥವಾ ಹೆಚ್ಚು ಜೀವಾಣುಗಳನ್ನು ಕೊಟ್ಟಲ್ಲಿ ಫಲ ಚೆನ್ನಾಗಿತ್ತು. ಅಂದರೆ ತಳಿಗೂ ಪ್ರಮಾಣಕ್ಕೂ ಲೆಕ್ಕವಿದೆ. ವಯಸ್ಸಾದವರಲ್ಲಿ ನೋಡಿದಾಗ ಚಿತ್ರ ಬದಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಆಸ್ಪತ್ರೆಗಳಲ್ಲಿ 65 ದಾಟಿದ 2,941 ಒಳರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ 'ಪ್ಲಾಸಿಡ್' ಪ್ರಯೋಗದಲ್ಲಿ ನಾಲ್ಕು ತಳಿಗಳ ಮಿಶ್ರಣ ಕೊಟ್ಟವರಲ್ಲಿ ಶೇ 10.8, ಕೊಡದವರಲ್ಲಿ ಶೇ 10.4 ಮಂದಿಗೆ ಭೇದಿಯಾಯಿತು. 2013ರ ಈ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಇನ್ನೊಂದು ಯೋಚಿಸಬೇಕಾದ ಸಂಗತಿ ಹೊರತಂದರು. ಆರೋಗ್ಯವಂತ 21 ಮಂದಿಗೆ ಆ್ಯಂಟಿಬಯಾಟಿಕ್ ಕೊಟ್ಟು, ಆಮೇಲೆ ಕೆಲವರನ್ನು ಹಾಗೇ ಬಿಟ್ಟರು, ಕೆಲವರಿಗೆ 11 ತಳಿಗಳ ಪ್ರೋಬಯಾಟಿಕ್ ಕೊಟ್ಟರು, ಉಳಿದವರಿಗೆ ಮೊದಲೇ ತೆಗೆದಿಟ್ಟ ಅವರದೇ ಮಲದ ಸೂಕ್ಷ್ಮಜೀವಿಗಳನ್ನು ಹಿಂದಿರುಗಿಸಿದರು. ಹಾಗೇ ಬಿಟ್ಟವರ ಕರುಳಿನ ಸಹಜ ಸೂಕ್ಷ್ಮಜೀವಿ ಸಮೂಹ ಸುಮಾರು ಮೂರು ವಾರದಲ್ಲಿ ಬಹುಮಟ್ಟಿಗೆ ಮರಳಿತು. ಪ್ರೋಬಯಾಟಿಕ್ ಪಡೆದವರಲ್ಲಿ ಅದು ತಿಂಗಳುಗಟ್ಟಲೆ ತಡವಾಯಿತು. ಇದು ಸಣ್ಣ ಅಧ್ಯಯನ. ಇದೊಂದನ್ನೇ ಹಿಡಿದು ಪ್ರೋಬಯಾಟಿಕ್ ಕೆಟ್ಟದ್ದು ಎನ್ನಲಾಗದು. ಆದರೆ 'ಒಳ್ಳೆಯ ಬ್ಯಾಕ್ಟೀರಿಯಾ ಸತ್ತಿವೆ, ತುಂಬಿಕೊಡೋಣ' ಎಂಬ ನಮ್ಮ ಸರಳ ನಂಬಿಕೆ ಅಲುಗಾಡುವುದಕ್ಕೆ ಇಷ್ಟು ಸಾಕು. ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ರೋಗಿಯ ನೆಗಡಿಗೆ ಆ್ಯಂಟಿಬಯಾಟಿಕ್ ಬೇಕಿತ್ತೇ? ಬೇಡವಾಗಿದ್ದರೆ ಎರಡು ಸಾಲನ್ನೂ ಬರೆಯಬೇಕಾಗಿರಲಿಲ್ಲ.

ಕೆಡುಕಂತೂ ಇಲ್ಲ ಎಂಬ ನಂಬಿಕೆಗೆ ಬಹು ದೊಡ್ಡ ಪೆಟ್ಟು ಬಿದ್ದದ್ದು ನೆದರ್‌ಲೆಂಡ್ಸ್‌ನಲ್ಲಿ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಲ್ಲಿ ಕರುಳಿನ ಬ್ಯಾಕ್ಟೀರಿಯಾ ಹೊರದಾಟಿ ಸೋಂಕು ತರುತ್ತವೆ. ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟರೆ ತಡೆಯಬಹುದು ಎಂಬುದು ಅಲ್ಲಿನ 15 ಆಸ್ಪತ್ರೆಗಳ ವೈದ್ಯರ ಆಲೋಚನೆ. ತರ್ಕದಲ್ಲಿ ಲೋಪವಿರಲಿಲ್ಲ. ಅದನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ಸೋಂಕು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ. ಸತ್ತವರು ಮಾತ್ರ ಪ್ರೋಬಯಾಟಿಕ್ ಪಡೆದ 152 ಮಂದಿಯಲ್ಲಿ 24, ಹುಸಿ ಔಷಧ ಪಡೆದ 144 ಮಂದಿಯಲ್ಲಿ 9. ಪ್ರೋಬಯಾಟಿಕ್ ಗುಂಪಿನ 9 ಜನರ ಕರುಳಿಗೆ ರಕ್ತ ಪೂರೈಕೆ ನಿಂತುಹೋಗಿತ್ತು. ಇನ್ನೊಂದು ಗುಂಪಿನಲ್ಲಿ ಅಂಥ ಒಬ್ಬರೂ ಇರಲಿಲ್ಲ. ಆ ವೈದ್ಯರು ಪ್ರಾಮಾಣಿಕವಾಗಿ ಪ್ರಯೋಗ ಮಾಡಿ, ಬಂದದ್ದನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಜಗತ್ತಿಗೆ ಇದು ತಿಳಿಯಿತು. ಪ್ರಯೋಗವೇ ಇಲ್ಲದೆ ವಾಡಿಕೆಯಂತೆ ಕೊಡುತ್ತ ಹೋಗಿದ್ದರೆ ಆ ಸಾವುಗಳು ಕಾಯಿಲೆಯ ಲೆಕ್ಕಕ್ಕೇ ಸೇರುತ್ತಿದ್ದವು.

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯೊಂದರ ದಾಖಲೆ ನೋಡಿ. ತೀವ್ರ ನಿಗಾ ಘಟಕದಲ್ಲಿ ಜಿಜಿ ತಳಿ ಪಡೆದ 522 ರೋಗಿಗಳಲ್ಲಿ 6 ಮಂದಿಯ ರಕ್ತದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಸಿಕ್ಕಿತು. ಪಡೆಯದ 21,652 ಮಂದಿಯಲ್ಲಿ ಸಿಕ್ಕಿದ್ದು ಇಬ್ಬರಲ್ಲಿ. ಪ್ರೋಬಯಾಟಿಕ್ ಪಡೆದವರ ರಕ್ತದಲ್ಲಿದ್ದದ್ದು ಕ್ಯಾಪ್ಸೂಲಿನಿಂದ ಬಂದದ್ದೇ ಎಂದು ಜೀನೋಮ್ ಹೋಲಿಸಿ 2019ರಲ್ಲಿ ತೋರಿಸಿದರು. ಕೃತಕ ಉಸಿರಾಟದಲ್ಲಿದ್ದ 2,650 ರೋಗಿಗಳ ಮೇಲಿನ 2021ರ ದೊಡ್ಡ ಪ್ರಯೋಗದಲ್ಲಿ ಶ್ವಾಸಕೋಶದ ಸೋಂಕು ಜಿಜಿ ತಳಿ ಪಡೆದವರಲ್ಲಿ ಶೇ 21.9, ಪಡೆಯದವರಲ್ಲಿ ಶೇ 21.3. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ, ಅವಧಿಗೆ ಮುನ್ನ ಹುಟ್ಟಿದ ಒಂದು ಶಿಶು ಪ್ರೋಬಯಾಟಿಕ್‌ನ ಬ್ಯಾಕ್ಟೀರಿಯಾದಿಂದಲೇ ನಂಜೇರಿ ಸತ್ತ ಬಳಿಕ ಎಲ್ಲ ವೈದ್ಯರಿಗೂ ಎಚ್ಚರಿಕೆ ಕೊಟ್ಟಿತು.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಷಯ ನಿಜಕ್ಕೂ ಜಟಿಲ. ಈ ಎಳೆಯ ಜೀವಗಳ ಕರುಳು ಕೊಳೆಯುವ ಮಾರಕ ಕಾಯಿಲೆಯೊಂದಿದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 1,099 ಶಿಶುಗಳಲ್ಲಿ ಮೂರು ತಳಿಗಳ ಮಿಶ್ರಣ ಈ ಕಾಯಿಲೆಯನ್ನು ಶೇ 4.4ರಿಂದ ಶೇ 2ಕ್ಕೆ ಇಳಿಸಿತು. ಇಂಗ್ಲೆಂಡಿನಲ್ಲಿ 1,300ಕ್ಕೂ ಹೆಚ್ಚು ಶಿಶುಗಳ ಪ್ರಯೋಗದಲ್ಲಿ ಬೈಫಿಡೊಬ್ಯಾಕ್ಟೀರಿಯಮ್ ಬ್ರೀವ್‌ನ ಒಂದು ತಳಿ ಕೊಟ್ಟು ನೋಡಿದಾಗ ಪ್ರಯೋಜನ ಕಾಣಲಿಲ್ಲ. ಮೊದಲ ಪ್ರಯೋಗದಂಥ ಫಲ ಕಂಡಿದ್ದರಿಂದ ಎಫ್‌ಡಿಎ ಎಚ್ಚರಿಕೆ ಬಂದಾಗ ಹಲವು ನವಜಾತ ಶಿಶು ತಜ್ಞರು, ಉಳಿಸಬಹುದಾದ ಮಕ್ಕಳು ಇದರಿಂದ ಕೈತಪ್ಪುತ್ತಾರೆ ಎಂದು ನೊಂದು ಹೇಳಿದರು. ಎರಡೂ ಕಡೆಯವರದು ಮಗುವಿನ ಮೇಲಿನ ಕಾಳಜಿಯೇ. ಶುದ್ಧತೆ ಖಾತ್ರಿಯಾದ, ಪರೀಕ್ಷೆಗೊಳಗಾದ ತಳಿ ಬೇಕು, ತಂದೆತಾಯಿಗೆ ಲಾಭ-ಅಪಾಯ ಎರಡನ್ನೂ ತಿಳಿಸಬೇಕು ಎಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ನನ್ನನ್ನು ಈ ವಿಷಯಕ್ಕೆ ಎಳೆದದ್ದು ಎಚ್ಚರಿಕೆಗಳಿಗಿಂತ ಹೆಚ್ಚಾಗಿ ಒಡಿಶಾದ ಒಂದು ಪ್ರಯೋಗ. ಡಾ. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ವರದಿ ಕೊಟ್ಟರು. ಒಡಿಶಾದ 149 ಹಳ್ಳಿಗಳ 4,556 ನವಜಾತ ಶಿಶುಗಳು. ಎಲ್ಲವೂ ತಾಯಿಯ ಹಾಲು ಕುಡಿಯುತ್ತಿದ್ದವು, ಹುಟ್ಟುವಾಗ ಕನಿಷ್ಠ 2 ಕಿಲೋ ತೂಕವಿದ್ದವು. ಒಂದು ಗುಂಪಿನ ಶಿಶುಗಳಿಗೆ ಬದುಕಿನ ಮೊದಲ ದಿನಗಳಲ್ಲಿ ಕೇವಲ 7 ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನೂ ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯನ್ನೂ ಬಾಯಿಗೆ ಹಾಕಿದರು. ಮುಂದಿನ ಎರಡು ತಿಂಗಳಲ್ಲಿ ನಂಜು ಅಥವಾ ಸಾವಿಗೆ ಈಡಾದದ್ದು ಹುಸಿ ಔಷಧದ ಗುಂಪಿನಲ್ಲಿ ಶೇ 9, ಇವನ್ನು ಪಡೆದವರಲ್ಲಿ ಶೇ 5.4. ಶ್ವಾಸಕೋಶದ ಸೋಂಕೂ ಕಡಿಮೆಯಾಯಿತು. ಫಲ ಅಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ನಿಗದಿಗಿಂತ ಮೊದಲೇ ನಿಲ್ಲಿಸಿದರು. ಗೆದ್ದದ್ದು ಹೇಗೆಂದು ಗಮನಿಸಿ. ಶಿಶುವಿನ ಕರುಳಿನಲ್ಲಿ ನೆಲೆಯೂರಬಲ್ಲ ತಳಿಯನ್ನು ಮೊದಲು ವರ್ಷಗಟ್ಟಲೆ ಹುಡುಕಿದರು. ಪ್ರಮಾಣ, ದಿನ, ಯಾವ ಶಿಶುಗಳಿಗೆ ಎಂಬುದನ್ನು ಮೊದಲೇ ಗೊತ್ತುಮಾಡಿದರು. ನಂತರ ಹಳ್ಳಿಯ ಮನೆಮನೆಯಲ್ಲಿ ಪರೀಕ್ಷಿಸಿದರು. ನಾಲ್ಕು ಪ್ರಶ್ನೆಗಳಿಗೂ ಉತ್ತರವಿದ್ದುದರಿಂದ ಮಕ್ಕಳು ನಂಜಿನಿಂದ ಪಾರಾದರು.

ಜಗತ್ತಿನ ಸಂಶೋಧನೆ ಈಗ ಇದೇ ದಾರಿಯಲ್ಲಿದೆ. ಪದೇಪದೇ ಮರುಕಳಿಸುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಸೋಂಕಿಗೆ, ಆರೋಗ್ಯವಂತ ದಾನಿಗಳ ಮಲದಿಂದ ಶುದ್ಧೀಕರಿಸಿದ ಬ್ಯಾಕ್ಟೀರಿಯಾ ಬೀಜಕಗಳ ಕ್ಯಾಪ್ಸೂಲ್ ಅನ್ನು ಎಫ್‌ಡಿಎ 2023ರಲ್ಲಿ ಔಷಧವೆಂದೇ ಅನುಮೋದಿಸಿತು. 182 ರೋಗಿಗಳ ಪ್ರಯೋಗದಲ್ಲಿ ಎಂಟು ವಾರದೊಳಗೆ ಸೋಂಕು ಮರುಕಳಿಸಿದ್ದು ಅದನ್ನು ಪಡೆದ ಶೇ 12 ಮಂದಿಗೆ, ಪಡೆಯದ ಶೇ 40 ಮಂದಿಗೆ. ಬೆಲ್ಜಿಯಮ್ಮಿನವರು 2019ರಲ್ಲಿ ಆಕರ್ಮ್ಯಾನ್ಸಿಯಾ ಎಂಬ ಕರುಳಿನ ಬ್ಯಾಕ್ಟೀರಿಯಾವನ್ನು ಬಿಸಿಮಾಡಿ ನಿಷ್ಕ್ರಿಯಗೊಳಿಸಿ ಬೊಜ್ಜಿನ ರೋಗಿಗಳಿಗೆ ಕೊಟ್ಟು, ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಸುಧಾರಿಸಿದ್ದನ್ನು ಕಂಡರು. ಸಣ್ಣ ಪ್ರಯೋಗವಾದರೂ, ಸತ್ತ ಬ್ಯಾಕ್ಟೀರಿಯಾಕ್ಕೂ ಕೆಲಸವಿದೆಯೇ ಎಂಬ ಹೊಸ ಹುಡುಕಾಟಕ್ಕೆ ಅದು ಬಲ ಕೊಟ್ಟಿತು. ಢಾಕಾದ ಮೀರ್‌ಪುರ್ ಕೊಳೆಗೇರಿಯ ಅಪೌಷ್ಟಿಕ ಮಕ್ಕಳಿಗೆ ಕಡಲೆ, ಸೋಯಾ, ಶೇಂಗಾ, ಬಾಳೆಕಾಯಿಯಿಂದ ಮಾಡಿದ ಆಹಾರ ಕೊಟ್ಟಾಗ, ಹೆಚ್ಚು ಕ್ಯಾಲೊರಿಯ ಸಿದ್ಧ ಆಹಾರಕ್ಕಿಂತ ತೂಕ ಚೆನ್ನಾಗಿ ಏರಿತು ಎಂದು 2021ರಲ್ಲಿ ವರದಿಯಾಯಿತು. ಆ ಆಹಾರವನ್ನು ಕರುಳಿನ ಯಾವ ಬ್ಯಾಕ್ಟೀರಿಯಾ ಬೆಳೆಯಬೇಕೆಂದು ನೋಡಿಯೇ ರೂಪಿಸಿದ್ದರು. ಕಡಲೆ, ಶೇಂಗಾ, ಬಾಳೆ ನಮ್ಮ ಹೊಲ ತೋಟಗಳಲ್ಲೇ ಇವೆ. ರಾಯಚೂರು, ಕೊಪ್ಪಳ, ಯಾದಗಿರಿಯ ಅಂಗನವಾಡಿಗಳಿಗೆ ಇಂಥ ಪ್ರಶ್ನೆ ಎಷ್ಟು ಹತ್ತಿರದ್ದೆಂದು ನಿಮಗೆ ನಾನು ಹೇಳಬೇಕಿಲ್ಲ.

ಮೊಸರಿನ ಮಾತೂ ಬರಬೇಕು. 'ಮೊಸರನ್ನ ತಿಂದರೆ ಸಾಲದೇ?' ಎಂದು ರೋಗಿ ಕೇಳುತ್ತಾನೆ. ಮನೆಯ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಮನೆಯಿಂದ ಮನೆಗೆ ಬೇರೆ. ಒಂದೊಂದು ಮನೆಯ ಹೆಪ್ಪನ್ನೂ ಕಾಯಿಲೆಯ ಮೇಲೆ ಯಾರೂ ಪರೀಕ್ಷಿಸಿರುವುದಿಲ್ಲ. ಆದ್ದರಿಂದ ಅದು ಮೇಲೆ ಹೇಳಿದ ವ್ಯಾಖ್ಯೆಗೆ ಸೇರುವುದಿಲ್ಲ. ಆದರೆ ಅದು ಒಳ್ಳೆಯ ಆಹಾರ. ಹುದುಗು ಆಹಾರವನ್ನು 10 ವಾರ ಹೆಚ್ಚಾಗಿ ತಿಂದವರ ಕರುಳಿನ ಸೂಕ್ಷ್ಮಜೀವಿ ವೈವಿಧ್ಯ ಹೆಚ್ಚಿ, ಉರಿಯೂತದ ಸೂಚಕಗಳು ಇಳಿದವು ಎಂದು ಸ್ಟ್ಯಾನ್‌ಫರ್ಡ್‌ನ ಸಣ್ಣ ಅಧ್ಯಯನವೊಂದು 2021ರಲ್ಲಿ ತೋರಿಸಿದೆ. ಮೊಸರು, ಮಜ್ಜಿಗೆ ನಮ್ಮ ಊಟದಲ್ಲಿ ಇರಲಿ. ಅದನ್ನು ಔಷಧವೆಂದು ಹೇಳುವುದು ಬೇಡ, ಅದಿದ್ದ ಮನೆಗೆ ಔಷಧದ ಹೆಸರಿನಲ್ಲಿ ದುಬಾರಿ ಪುಡಿ ಕಳಿಸುವುದೂ ಬೇಡ.

ನಮ್ಮ ದೇಶದ ನಿಯಮಗಳು ಕುರುಡಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿಯೇ ಆಹಾರದಲ್ಲಿನ ಪ್ರೋಬಯಾಟಿಕ್‌ಗಳಿಗೆ ಮಾರ್ಗಸೂಚಿ ತಂದವು. ಕುಲ, ಜಾತಿ, ತಳಿ ಮೂರನ್ನೂ ಗುರುತಿಸಬೇಕು, ಬಳಕೆ ಅವಧಿ ಮುಗಿಯುವ ದಿನಕ್ಕೆ ಎಷ್ಟು ಜೀವಾಣು ಉಳಿದಿರುತ್ತವೆ ಎಂದು ಲೇಬಲ್ ಮೇಲೆ ಬರೆಯಬೇಕು ಎಂದು ಅವು ಹೇಳುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರ ದಿನಕ್ಕೆ ಕನಿಷ್ಠ 10 ಕೋಟಿ ಜೀವಾಣು ಇರಬೇಕೆನ್ನುತ್ತದೆ. ಆದರೆ ಒಂದೇ ಬಗೆಯ ವಸ್ತು ಆಹಾರವೆಂಬ ಪರವಾನಗಿಯಲ್ಲೂ ಔಷಧವೆಂಬ ಪರವಾನಗಿಯಲ್ಲೂ ಮಾರಾಟವಾಗುತ್ತದೆ. ಕಾಯಿಲೆಗೆ ಕೊಡುವಾಗ ಈ ಎರಡರ ನಡುವಿನ ಅಂತರ ಚೀಟಿಯಲ್ಲಿ ಅಳಿಸಿಹೋಗುತ್ತದೆ. 'ಲ್ಯಾಕ್ಟೊಬ್ಯಾಸಿಲಸ್ ಸ್ಪೋರೊಜೀನಸ್' ಎಂದು ಇನ್ನೂ ಅಚ್ಚಾಗುವ ಲೇಬಲ್‌ಗಳಿವೆ. ಆ ಹೆಸರಿನ ಜೀವಿಯನ್ನು ಬ್ಯಾಸಿಲಸ್ ಕೊಯಾಗ್ಯುಲನ್ಸ್ ಎಂದು ವಿಜ್ಞಾನ ಗುರುತಿಸಿ ದಶಕಗಳಾದವು. ಸರಿಯಾದ ಹೆಸರೇ ಇಲ್ಲದ ಪೊಟ್ಟಣದಿಂದ ತಳಿಯ ಖಾತ್ರಿ ಹೇಗೆ ಸಿಕ್ಕೀತು?

ನನ್ನ ಕೋರಿಕೆಗಳು ಇಷ್ಟೇ. ಪ್ರೋಬಯಾಟಿಕ್ ಬರೆಯುವಾಗ ತಳಿಯ ಹೆಸರು, ಪ್ರಮಾಣ, ದಿನ ಬರೆಯಿರಿ. ಬದಲಿ ಕೊಡಬಾರದೆಂದು ಔಷಧದಂಗಡಿಯವರಿಗೆ ತಿಳಿಸಿ. ಭೇದಿಯ ಮಗುವಿಗೆ ಓಆರ್‌ಎಸ್, ಜಿಂಕ್, ಎದೆಹಾಲು, ಊಟ ಮೊದಲು. ಅವನ್ನು ಹೇಳಲು ತಗಲುವ ಎರಡು ನಿಮಿಷವನ್ನು ಉಳಿಸಬೇಡಿ. ತೀವ್ರ ನಿಗಾ ಘಟಕದಲ್ಲಿರುವವರಿಗೆ, ಮೇದೋಜೀರಕದ ತೀವ್ರ ಉರಿಯೂತದವರಿಗೆ, ರಕ್ತನಾಳದಲ್ಲಿ ಕೊಳವೆ ಇರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ವಾಡಿಕೆಯಿಂದ ಕೊಡಬೇಡಿ. ರಕ್ತದಲ್ಲಿ ಅಪರೂಪದ ಬ್ಯಾಕ್ಟೀರಿಯಾ ಸಿಕ್ಕಾಗ ರೋಗಿ ಪ್ರೋಬಯಾಟಿಕ್ ತೆಗೆದುಕೊಂಡಿದ್ದಾರೆಯೇ ಎಂದು ಕೇಳಿ, ಔಷಧ ದುಷ್ಪರಿಣಾಮ ನಿಗಾ ಕೇಂದ್ರಕ್ಕೆ ವರದಿ ಮಾಡಿ. ವೈದ್ಯಕೀಯ ಕಾಲೇಜುಗಳಲ್ಲಿ ಇರುವವರು ನಮ್ಮ ಮಕ್ಕಳಲ್ಲಿ, ನಮ್ಮ ಆಹಾರ ತಿನ್ನುವವರಲ್ಲಿ ಒಡಿಶಾದಂಥ ಪ್ರಯೋಗ ನಡೆಸಿ. ಆಹಾರ ಸಂಶೋಧನೆಯ ಕೇಂದ್ರ ಮೈಸೂರಿನಲ್ಲಿದೆ, ಹೈನು ಸಂಶೋಧನೆಯ ನೆಲೆ ಬೆಂಗಳೂರಿನಲ್ಲಿದೆ, ಕೈಜೋಡಿಸುವುದೊಂದು ಬಾಕಿ.

ಇದನ್ನು ಓದುತ್ತಿರುವ ತಂದೆತಾಯಿಗಳಿಗೂ ಒಂದು ಮಾತು. ನೀವು ಬಾಯಿಬಿಟ್ಟು ಕೇಳಿದರೆ ಓಆರ್‌ಎಸ್ ಸಿಗುವ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂದು ನಮ್ಮ ರಾಜ್ಯದ ಪಟ್ಟಣಗಳೂ ಇದ್ದ ಅಧ್ಯಯನದಲ್ಲಿ ಕಂಡಾಗಿದೆ. ಆದ್ದರಿಂದ ಕೇಳಿ. 'ಡಾಕ್ಟ್ರೇ, ಇದು ಯಾವುದಕ್ಕೆ? ಎಷ್ಟು ದಿನ? ಇಲ್ಲದಿದ್ದರೆ ಆಗದೇ?' ಎಂದು ಸಂಕೋಚವಿಲ್ಲದೆ ಕೇಳಿ. ವೈದ್ಯರೇ, ಹಾಗೆ ಕೇಳಿದವರ ಮೇಲೆ ಬೇಸರಿಸದೆ ಉತ್ತರ ಕೊಡಿ. ಉತ್ತರ ಇರುವಲ್ಲಿ ಪ್ರೋಬಯಾಟಿಕ್ ಅನ್ನು ಧೈರ್ಯವಾಗಿ ಬರೆಯಿರಿ, ಇಲ್ಲದಲ್ಲಿ ಬರೆಯಬೇಡಿ.

ಇತಿ,
ನಿಮ್ಮ ಮೇಲೆ ನಂಬಿಕೆಯಿಟ್ಟ ಒಬ್ಬ ಬರಹಗಾರ